ಎರಡು ಕೆಮ್ಮಿನ ನಡುವೆ

ಹೋದ ಸೋಮವಾರ ನನ್ನ ಗಂಟಲಿನಲ್ಲಿ ಬೇರೆಯವರು ಕೆಮ್ಮಿದರು.

ಶಿರಾದ ಒಂದು ಹೈಸ್ಕೂಲಿನಲ್ಲಿ ನಾನೀಗ ಟೆಂಪರರಿ ಮೇಷ್ಟ್ರು. ಟೆಂಪರರಿ ಅಂದರೆ ಯಾವ ಮೇಷ್ಟ್ರು ರಜಾ ಹಾಕಿದರೂ ಅವರ ಕ್ಲಾಸಿಗೆ ನುಗ್ಗಬೇಕಾದ ಪ್ರಾಣಿ. ಅವತ್ತು ಊಟ ಮುಗಿದ ಬೆಲ್ ಆದ ಮೇಲೆ ಹತ್ತನೇ ಕ್ಲಾಸಿಗೆ ಹೊರಟೆ. ಸ್ಟಾಫ್ ರೂಮಿನಲ್ಲಿ ಹಿರಿಯ ಮೇಷ್ಟ್ರೊಬ್ಬರು ಬೆತ್ತ ಚಾಚಿದರು. "ತಗೊಂಡು ಹೋಗಿ ಸಾರ್. ನೀವು ನೋಡೋಕೆ ಆ ಹುಡುಗರ ಅಣ್ಣನ ಥರ ಇದೀರಿ. ಇದಾದರೂ ಮೇಷ್ಟ್ರ ಥರ ಇರ್ಲಿ." ಬೇಡ ಸಾರ್ ಅಂತ ನಕ್ಕು ಬರಿಗೈಯಲ್ಲಿ ಬಂದೆ. ವರಾಂಡದ ಈ ತುದಿಗೇ ಗಲಾಟೆ ಕೇಳುತ್ತಿತ್ತು. ಯಾರೋ ಬೆಂಚನ್ನು ತಮಟೆ ಮಾಡಿಕೊಂಡಿದ್ದ, ಇನ್ಯಾರೋ "ಅರೆ ಛೋಡ್ ರೇ" ಅಂತ ಕಿರುಚುತ್ತಿದ್ದ. ಬಾಗಿಲು ಹತ್ತಿರವಾದಂತೆ ಬೆತ್ತ ಬೇಡವೆಂದ ಧೈರ್ಯ ಇಳಿಯುತ್ತಾ ಬಂತು. ಬಾಗಿಲ ಮಗ್ಗುಲಲ್ಲಿ ನಿಂತು ಏನು ಮಾಡಲೂ ತೋಚದೆ ಗಂಟಲು ಸರಿಮಾಡಿಕೊಂಡೆ.

ಹ್ರೂಂ. ಒಂದಷ್ಟು ಬಿಡುವು. ಕೆಹ್.

ಒಳಗೆ ಗಪ್‌ಚಿಪ್. ಹೋಗಿ ನೋಡಿದರೆ ಎಲ್ಲರೂ ಪುಸ್ತಕದ ಮೇಲೆ ಬಗ್ಗಿದ್ದರು. ಕೊನೇ ಬೆಂಚಿನಲ್ಲಿ ಒಬ್ಬ ಹುಡುಗ ಮಾತ್ರ ಕಂಬದ ಹಾಗೆ ಎದ್ದು ನಿಂತಿದ್ದ.

ಆ ಕೆಮ್ಮು ನನ್ನದಲ್ಲ. ಅದು ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಹನುಮಂತರಾಯಪ್ಪ ಮೇಷ್ಟ್ರಿಂದ ಕದ್ದದ್ದು. ಹಾಗೆ ಎದ್ದು ನಿಲ್ಲುತ್ತಿದ್ದವನು ಕ್ಯಾತಣ್ಣ.

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮಪ್ಪನ ಸೈಕಲ್ ಶಾಪಿಗೆ ಬಂದು "ನಿನ್ನ ಮಗ ಬರೆದವ್ನಂತಲ್ಲಾ" ಅಂತ ವಿಚಾರಿಸಿಕೊಳ್ಳುವವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಮಧುಗಿರಿಯಿಂದ ಪಾವಗಡದ ಕಡೆ ಹೋಗುವ ಬಸ್ಸು ಮಿಡಿಗೇಶಿಯ ಆಸುಪಾಸಿನಲ್ಲಿ ಎಲ್ಲೋ ಒಂದು ಕಡೆ, ಡ್ರೈವರಿಗೆ ಮನಸ್ಸಿದ್ದರೆ, ನಿಲ್ಲುತ್ತದೆ. ಆ ಊರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಟೇಪ್‌ರೆಕಾರ್ಡರನ್ನು ಕಣ್ಣಾರೆ ಕಂಡವರು ಊರಿನಲ್ಲಿ ಒಬ್ಬಿಬ್ಬರೇ, ಆದರೂ ಊರೆಲ್ಲ ಸೇರಿ ನನಗೆ ಟೇಪು ಎಂದು ಹೆಸರಿಟ್ಟಿತ್ತು. ಪಾವಗಡದ ಬಸ್ಸು ಏರು ಹತ್ತುವಾಗ ಏದುಸಿರು ಬಿಡುವುದನ್ನು, ಕಂಡಕ್ಟರು ಮುದುಕಿಯರನ್ನು ಗದರಿಸುವುದನ್ನು, ನಮ್ಮ ಕಡಲೆಕಾಯಿ ಕೊಳ್ಳಲು ಬರುತ್ತಿದ್ದ ತೆಲುಗು ಸಾಹುಕಾರರು ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡು "ಪಚ್ಚಿಗಾ ಉಂದಿ ಅಪ್ಪಾ, ಇನ್ನೂ ಒಣಗಿಸಪ್ಪಾ" ಎಂದು ಮೂಗೆಳೆಯುವುದನ್ನು ಹಾಗ್‌ಹಾಗೇ ಒಪ್ಪಿಸುತ್ತಿದ್ದೆ. ನಮ್ಮಪ್ಪನನ್ನು ನಮ್ಮಮ್ಮನ ಮುಂದೆ ಮಾಡಿ ತೋರಿಸಿದರೆ ಅಮ್ಮ ನಗುತ್ತಿದ್ದಳು, ಅಮ್ಮನನ್ನು ಅಪ್ಪನ ಮುಂದೆ ಮಾಡಿದರೆ ಏಟು ಬೀಳುತ್ತಿತ್ತು. ನಾನು ಹೇಗೆ ಮಾತಾಡುತ್ತೇನೆ ಅಂತ ಯಾರಾದರೂ ಕೇಳಿದ್ದರೆ ಉತ್ತರ ಇರುತ್ತಿರಲಿಲ್ಲ. ಯಾರೂ ಕೇಳಲಿಲ್ಲ, ಬಚಾವಾದೆ.

ಹನುಮಂತರಾಯಪ್ಪನವರು ನಮ್ಮ ಎಚ್ಚೆಮ್ಮು, ಅಂದರೆ ಹೆಡ್‌ಮಾಸ್ಟರು. ಬಿಳೀ ಪಂಚೆ, ಬಿಳೀ ಜುಬ್ಬ, ಮಧುಗಿರಿಯಲ್ಲಿ ಹೊಲಿಸಿದ ಚರ್ಮದ ಚಪ್ಪಲಿ. ಆ ಚಪ್ಪಲಿ ಒಣಗಿ ಒಣಗಿ, ನಡೆದಾಗಲೆಲ್ಲ ಕಿರ್ ಕಿರ್ ಅನ್ನುತ್ತಿತ್ತು. ಇಡೀ ಸ್ಕೂಲನ್ನು ಅವರು ಒಂದು ಕೆಮ್ಮಿನಿಂದ ನಡೆಸುತ್ತಿದ್ದರು. ವರಾಂಡದಲ್ಲಿ ಬರುವಾಗ ಗಂಟಲಾಳದಲ್ಲಿ ಒಂದು ಹ್ರೂಂ, ಗಾಡಿಯ ಚಕ್ರ ಮರಳಿನಲ್ಲಿ ಹೊರಳಿದ ಹಾಗೆ. ಆಮೇಲೆ ಬಿಡುವು. ಆ ಬಿಡುವಿನಲ್ಲಿ ನಿಂತವರು ಕೂರುತ್ತಿದ್ದರು, ಹಿಡಿದ ಜಡೆ ಕೈಯಿಂದ ಜಾರುತ್ತಿತ್ತು, ತಲೆಕೆಳಗಾಗಿದ್ದ ಪುಸ್ತಕ ನೆಟ್ಟಗಾಗುತ್ತಿತ್ತು, ಬಾಯೊಳಗಿನ ಹುಣಸೆಹಣ್ಣು ದವಡೆ ಸೇರುತ್ತಿತ್ತು. ಅದಾದ ಮೇಲೆ ಒಣ ಕೆಹ್, ಅದರ ಹಿಂದೆಯೇ ಬಾಗಿಲಲ್ಲಿ ಅವರ ಮುಖ. ಅಷ್ಟರಲ್ಲಿ ನಾವು ಗ್ರೂಪ್ ಫೋಟೋಕ್ಕೆ ಕೂತವರ ಹಾಗೆ ಕೂತಿರುತ್ತಿದ್ದೆವು. ಅವರು ಒಂದು ಸಲ ನೋಡಿ "ಹೂಂ" ಎಂದು ಮುಂದಿನ ಕ್ಲಾಸಿಗೆ ಹೋಗುತ್ತಿದ್ದರು. ಅವರು ಯಾರಿಗೂ ಹೊಡೆದದ್ದನ್ನು ಕಂಡವರಿರಲಿಲ್ಲ. ಸ್ಕೂಲಿಗೆಂದು ಇದ್ದದ್ದು ಒಂದೇ ಬೆತ್ತ, ಹಿಂದಿನವರ ಕಾಲದ್ದು, ಬೀರುವಿನ ತಲೆಯ ಮೇಲೆ ಧೂಳು ಹಿಡಿದು ಮಲಗಿತ್ತು.

ಆ ವರ್ಷ ಸ್ಕೂಲು ಶುರುವಾದಾಗ ಕ್ಯಾತಣ್ಣ ಬರಲಿಲ್ಲ. ಅವನದು ಕುರಿ ಕಾಯುವವರ ಹಟ್ಟಿ, ಬೆಟ್ಟದ ಆಚೆ ಮಗ್ಗುಲು. ನಮಗಿಂತ ಒಂದೆರಡು ವರ್ಷ ದೊಡ್ಡವನು, ಕುರಿ ಹಿಂದೆ ಹೋಗಿ ಹೋಗಿ ತಡವಾಗಿ ಸ್ಕೂಲು ಸೇರಿದವನು. ಲೆಕ್ಕದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತಮಾಷೆ ಮಾತ್ರ ಗೊತ್ತಿರಲಿಲ್ಲ. ನಾವೆಲ್ಲ ನಕ್ಕು ಮುಗಿಸಿದ ಮೇಲೆ, ನಗಬಹುದೋ ಏನೋ ಅಂತ ಅತ್ತಿತ್ತ ನೋಡಿ, ಒಬ್ಬನೇ ನಗುತ್ತಿದ್ದ. ಹಿರಿಯರು ಯಾರು ಬಂದರೂ ಎದ್ದು ನಿಲ್ಲುತ್ತಿದ್ದ. ಬೆಲ್ ಹೊಡೆಯುವ ಜವಾನ ಬಂದರೂ ನಿಲ್ಲುತ್ತಿದ್ದ. ಜವಾನನಿಗೇ ನಾಚಿಕೆಯಾಗುತ್ತಿತ್ತು.

ಒಂದು ಸಾಯಂಕಾಲ ಮೇಷ್ಟ್ರು "ದಾರಿ ತೋರಿಸು ಬಾರಪ್ಪ" ಎಂದು ನನ್ನನ್ನು ಕರೆದುಕೊಂಡು ಹಟ್ಟಿಗೆ ಹೊರಟರು. ಮುಳ್ಳುಬೇಲಿಯ ಬಾಯಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕಾಲಿಡುವ ಮೊದಲು ಅದೇ ಕೆಮ್ಮು ಕೆಮ್ಮಿದರು. ಮೈ ತೊಳೆಯುತ್ತಿದ್ದ ಹೆಂಗಸೊಬ್ಬಳು ಸೆರಗು ಎಳೆದುಕೊಂಡು ಗುಡಿಸಲೊಳಗೆ ಸರಿದಳು. ಆಮೇಲೆ ಇವರು ಒಳಗೆ ಹೋದರು. ಅವತ್ತು ನನಗೆ ಅದರಲ್ಲಿ ಏನೂ ಕಾಣಲಿಲ್ಲ. ಹಟ್ಟಿಯಲ್ಲೂ ಅದೇ ಕೆಮ್ಮೇ ಅಂತ ಒಳಗೊಳಗೇ ನಕ್ಕೆ.

ಕ್ಯಾತಣ್ಣನ ಅಪ್ಪ ಚಿತ್ತಯ್ಯ ಕಂಬಳಿ ಹಾಸಿದ. "ಬರ್ರಿ ಸಾಮಿ, ಕುಂತ್ಕಳ್ರಿ. ಏನ್ ಇಷ್ಟು ದೂರ ಬಂದ್ಬುಟ್ರಿ?"

"ಹುಡುಗನ್ನ ಕಳಿಸು ಚಿತ್ತಯ್ಯ. ಇನ್ನೊಂದೇ ವರ್ಷ. ಹತ್ತು ಪಾಸಾದರೆ ಮೇಷ್ಟ್ರ ಟ್ರೇನಿಂಗಿಗೆ ನಾನೇ ಸೇರಿಸ್ತೀನಿ."

"ಇವನ ಅಣ್ಣನ್ನೂ ಬುಟ್ಟಿದ್ದೆ ಸಾಮಿ, ನೆಂಟ್ರ ಊರಲ್ಲಿ. ಬಾಸುಂಡೆ ಬರೋ ಅಂಗೆ ಬಾರಿಸಿ ಕಳಿಸಿದ್ರು. ಇವತ್ತಿಗೂ ಪುಸ್ತಕ ಕಂಡ್ರೆ ಮಕ ತಿರುಗಿಸ್ತಾನೆ. ಇವನ್ನೂ ಅಂಗೇ ಮಾಡ್ಕಳಾಕೆ ನಾನ್ ತಯಾರಿಲ್ಲ."

"ನನ್ನ ಸ್ಕೂಲಲ್ಲಿ ಯಾರೂ ಕೈ ಎತ್ತಲ್ಲ."

"ಎಲ್ಲಾ ಮೇಷ್ಟ್ರೂ ಇಂಗೇ ಅಂತಾರೆ. ಎತ್ತದಿದ್ ಮ್ಯಾಲೆ ಕೋಲು ಯಾಕೆ ಮಡಿಕ್ಕಂಡವ್ರೆ, ಪೂಜೆ ಮಾಡಾಕಾ?"

ಮೇಷ್ಟ್ರು ಜೋರಾಗಿ ನಕ್ಕುಬಿಟ್ಟರು. "ಸರಿ ಬಿಡು. ಕೋಲು ನೀನೇ ಇಟ್ಕೋ."

ಮಾರನೆಯ ದಿನ ಆ ಬೆತ್ತವನ್ನು ಒರೆಸಿ ಹಟ್ಟಿಗೆ ಒಯ್ದವನು ನಾನೇ. ಚಿತ್ತಯ್ಯ ಅದನ್ನು ಬಗ್ಗಿಸಿ ನೋಡಿದ, ಮೂಸಿ ನೋಡಿದ, ಆಮೇಲೆ ಮರಿಗಳನ್ನು ಕೂಡುವ ಮುಳ್ಳಿನ ರೊಪ್ಪದ ಬೇಲಿಗೆ ಸಿಕ್ಕಿಸಿದ. "ಇದು ಇಲ್ಲಿರೋಗಂಟ ನನ್ ಮಗ ಅಲ್ಲಿರ್ತಾನೆ. ನಿಮ್ ಮೇಷ್ಟ್ರಿಗೆ ಅಂಗಂತ ಹೇಳು." ನಾನು ಸ್ಕೂಲಿಗೆ ಬಂದು ಅದನ್ನು ಚಿತ್ತಯ್ಯನ ಧ್ವನಿಯಲ್ಲೇ ಮೇಷ್ಟ್ರಿಗೆ ಒಪ್ಪಿಸಿದೆ. ಅವರು ಮತ್ತೆ ನಕ್ಕರು. ಕ್ಯಾತಣ್ಣ ಕ್ಲಾಸಿಗೆ ಬಂದು ಕೊನೇ ಬೆಂಚಿನಲ್ಲಿ ಕೂತ. ಒದ್ದೆ ಕಂಬಳಿಯ ವಾಸನೆ ಅವನ ಜೊತೆ ಬಂದು ಅಲ್ಲೇ ಕೂತಿತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಗಂಟಲು ಸುಮ್ಮನಿರಬೇಕಲ್ಲ.

ಮುಂಗಾರು ಅಲ್ಲೊಂದು ಇಲ್ಲೊಂದು ಹನಿ ಹಾಕಿ, ಬಿತ್ತನೆ ಮುಗಿದು, ಕಡಲೆಕಾಯಿ ಗಿಡ ಹೂವು ಬಿಡುವ ಹೊತ್ತಿಗೆ ನಾನು ಕೆಮ್ಮು ಕಲಿತಿದ್ದೆ. ಹೊಲದ ಬದುವಿನಲ್ಲಿ ಕೂತು ಅಭ್ಯಾಸ ಮಾಡುವಾಗ ಅಮ್ಮ ಹೆದರಿ ಕಷಾಯ ಕುಡಿಸಿದ್ದಳು. ಮೊದಲು ಒಂಬತ್ತನೇ ಕ್ಲಾಸಿನ ಕಿಟಕಿಯ ಕೆಳಗೆ ಕೂತು ಕೆಮ್ಮಿದೆ. ಒಳಗೆ ಹಾರಾಡುತ್ತಿದ್ದವರೆಲ್ಲ ತೆಪ್ಪಗಾದರು. ಆಗ ಆದ ಸಂತೋಷವನ್ನು ಹೇಗೆ ಹೇಳಲಿ! ಹದಿನಾರರ ಹುಡುಗ, ಮೀಸೆ ಇಲ್ಲ, ಅರವತ್ತು ಮಂದಿಯನ್ನು ಎರಡು ಸದ್ದಿನಲ್ಲಿ ಕೂರಿಸಿದ್ದೆ. ಊರಿನ ಗೌಡರಿಗೂ ಅಷ್ಟು ನಡೆಯುತ್ತಿರಲಿಲ್ಲ.

ನಮ್ಮ ಗಣಿತದ ಮೇಷ್ಟ್ರು ಗೋವಿಂದರಾಜು ಇದನ್ನು ಬೇಗ ಕಂಡುಹಿಡಿದರು. ಬಯ್ಯುತ್ತಾರೆ ಅಂದುಕೊಂಡೆ. ಅವರು ಕಣ್ಣು ಮಿಟುಕಿಸಿ, "ಲೋ ಟೇಪು, ಎಂಟನೇ ಕ್ಲಾಸಿನವು ತಲೆ ತಿಂತಾ ಇದಾವೆ. ಒಂದ್ಸಲ ಹೋಗಿ ಕೆಮ್ಮಿ ಬಾರೋ, ನಾನು ಟೀ ಕುಡಿದು ಬರ್ತೀನಿ" ಎಂದರು. ಹಾಗೆ ನಾನು ಸರ್ಕಾರಿ ಕೆಮ್ಮುಗಾರನಾದೆ. ಕೆಲವೊಮ್ಮೆ ಹೆಡ್‌ಮಾಸ್ಟರು ಮೀಟಿಂಗಿಗೆ ಮಧುಗಿರಿಗೆ ಹೋದ ದಿನ ಅವರ ಕೆಮ್ಮು ಮಾತ್ರ ಸ್ಕೂಲಿನಲ್ಲೇ ಓಡಾಡಿಕೊಂಡಿರುತ್ತಿತ್ತು.

ಕಡಲೆಕಾಯಿ ಕೀಳುವ ಕಾಲ ಬಂತು. ಆ ಸೀಮೆಯ ಹೈಸ್ಕೂಲುಗಳಲ್ಲಿ ಶಿಸ್ತು ಕೆಡುವುದೇ ಆಗ. ಎಲ್ಲರ ಜೇಬಿನಲ್ಲಿ ಹಸಿ ಕಾಯಿ, ಎಲ್ಲರ ಬೆಂಚಿನ ಕೆಳಗೆ ಸಿಪ್ಪೆ. ಪಾಠದ ಮಧ್ಯೆ ಪಟ್ ಪಟ್ ಸದ್ದು, ಮುಂದಿನ ಬೆಂಚಿನವರ ತಲೆಗೆ ಬೀಜದ ಏಟು. ನಾನು ಕೆಮ್ಮಿ ಕೆಮ್ಮಿ ಸುಸ್ತಾದೆ. ಅಷ್ಟರಲ್ಲಿ ಇಡೀ ಸ್ಕೂಲಿಗೆ ಗೊತ್ತಾಗಿ ಹೋಗಿತ್ತು. ಕೆಮ್ಮು ಕೇಳಿದರೆ ಒಳಗಿಂದ "ಟೇಪು ಕಣ್ರಲೇ, ತಿನ್ರಿ ತಿನ್ರಿ" ಅಂತ ಉತ್ತರ ಬರುತ್ತಿತ್ತು. ನನ್ನ ಕಲೆಯ ಬೆಲೆ ಬಿತ್ತಲ್ಲಾ ಅಂತ ನನಗೆ ಬೇಜಾರು. ಬೇರೆ ಯಾರ ಬೆಲೆ ಬಿತ್ತು ಎಂಬುದು ಹೊಳೆಯಲಿಲ್ಲ.

ಹೊಳೆದದ್ದು ಒಂದು ಮಧ್ಯಾಹ್ನ. ನಾನು ನನ್ನ ಜಾಗದಲ್ಲೇ ಕೂತು ಕಾಯಿ ತಿನ್ನುತ್ತಿದ್ದೆ. ಹೊರಗೆ ಹ್ರೂಂ ಕೇಳಿತು. ನಾನು ಒಳಗಿರುವಾಗ ಹೊರಗೆ ಕೆಮ್ಮುವವರು ಯಾರು ಅಂತ ಲೆಕ್ಕ ಹಾಕುವ ವ್ಯವಧಾನ ಯಾರಿಗೂ ಇರಲಿಲ್ಲ. ಒಬ್ಬ "ಸಾಕು ಬಾರ್ಲಾ ಟೇಪು, ಒಳಿಕ್ಕೆ" ಎಂದು ಕೂಗಿದ. ಕೆಹ್ ಆಯಿತು. ಹನುಮಂತರಾಯಪ್ಪ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು.

ನೆಲದ ತುಂಬ ಸಿಪ್ಪೆ, ಬೆಂಚಿನ ಮೇಲೆ ಹುಡುಗರು, ಹುಡುಗಿಯರ ಕಡೆಗೆ ಎಸೆಯಲು ಎತ್ತಿದ ಒಂದು ಕೈ. ಅಷ್ಟು ವರ್ಷಗಳಲ್ಲಿ ಅವರು ಯಾವತ್ತೂ ನೋಡಿರದ ನಮ್ಮ ಕ್ಲಾಸನ್ನು ಅವರು ಅವತ್ತು ನೋಡಿದರು. ಕೊನೇ ಬೆಂಚಿನಲ್ಲಿ ಕ್ಯಾತಣ್ಣ ಒಬ್ಬ ಎದ್ದು ನಿಂತಿದ್ದ. ನಾನು ಕೆಮ್ಮಿದರೂ, ಅವರು ಕೆಮ್ಮಿದರೂ ಅವನು ನಿಲ್ಲುವವನೇ. ಮೇಷ್ಟ್ರು ನನ್ನ ಕಡೆ ಒಂದು ಸಲ ನೋಡಿ ಹೊರಟುಹೋದರು. ಅವರಿಗೆ ಎಲ್ಲ ತಿಳಿಯಿತು ಅಂತ ನನಗೂ ತಿಳಿಯಿತು. ಕರೆಸುತ್ತಾರೆ, ಬಯ್ಯುತ್ತಾರೆ ಅಂತ ಕಾದೆ. ಕರೆಸಲಿಲ್ಲ. ಆಮೇಲಿಂದ ಅವರು ಎರಡು ಮೂರು ಸಲ ಕೆಮ್ಮತೊಡಗಿದರು, ಮೊದಲಿಗಿಂತ ಗಟ್ಟಿಯಾಗಿ. ಗಟ್ಟಿಯಾದಷ್ಟೂ ಅದು ನನ್ನ ಕೆಮ್ಮಿನಂತೆಯೇ ಕೇಳುತ್ತಿತ್ತು.

ಇಲ್ಲಿಗಾದರೂ ನಿಲ್ಲಿಸಿದೆನೇ? ಕೆಮ್ಮುವುದನ್ನು ನಿಲ್ಲಿಸಿದೆ. ಆದರೆ ಕ್ಯಾತಣ್ಣ ಹಾಗೆ ಎದ್ದೆದ್ದು ನಿಲ್ಲುವುದು, ಕ್ಲಾಸೆಲ್ಲ ಅವನನ್ನು ನೋಡಿ ನಗುವುದು ನನಗೆ ಒಂಥರಾ ಆಗುತ್ತಿತ್ತು. ಅವನನ್ನು ರಿಪೇರಿ ಮಾಡಲು ಹೊರಟೆ.

"ಲೇ ಕ್ಯಾತ, ಯಾವುದು ನಿಜದ ಕೆಮ್ಮು, ಯಾವುದು ಸುಳ್ಳು ಅಂತ ಒಸಿ ತಿಳ್ಕಳ್ಲಾ. ಎಚ್ಚೆಮ್ಮು ಬಂದ್ರೆ ಮೊದ್ಲು ಚಪ್ಪಲಿ ಕಿರ್ ಅಂತದೆ. ಕಿರ್ ಅನ್ನದೆ ಬರೀ ಕೆಮ್ಮು ಬಂತು ಅಂದ್ರೆ ಯಾವನೋ ಆಟ ಆಡ್ತಾವ್ನೆ ಅಂತ ಲೆಕ್ಕ."

"ಅಂಗಾ?"

"ಅಂಗೇ. ಆಗ ನೀನೂ ಏನಾದ್ರೂ ತಿರುಗಿಸಿ ಕೊಡು. ಎಷ್ಟು ದಿನ ಅಂತ ಎಲ್ರೂ ನಿನ್ನ ನೋಡಿ ನಗೋದು? ಒಂದ್ಸಲ ನೀನು ಅವರನ್ನ ನಗಿಸು."

"ನಂಗೇನ್ ಬತ್ತದೆ?"

"ಕುರಿ ಕೂಗ್ತೀಯಲ್ಲಾ, ಅದನ್ನೇ ಕೂಗು."

ಅವನು ಬಹಳ ಹೊತ್ತು ಯೋಚಿಸಿದ. ಆಮೇಲೆ ಒಬ್ಬನೇ ನಕ್ಕ.

ಹಿಂಗಾರಿನ ಸೋನೆ ಹಿಡಿದು ಎರಡು ದಿನ ಬಿಟ್ಟಿರಲಿಲ್ಲ. ಇನ್‌ಸ್ಪೆಕ್ಟರು ಸ್ಕೂಲು ತಪಾಸಣೆಗೆ ಬರುತ್ತಾರೆಂದು ಹೇಳಿದ್ದರು, ಮಳೆಯಲ್ಲಿ ಎಲ್ಲಿ ಬರುತ್ತಾರೆ ಅಂತ ನಾವು ಧೈರ್ಯವಾಗಿದ್ದೆವು. ಹೆಡ್‌ಮಾಸ್ಟರು ಅವರನ್ನು ಕರೆತರಲು ಕೆಸರಿನಲ್ಲಿ ಬಸ್ ನಿಲ್ಲುವ ಕಡೆ ಹೋಗಿದ್ದರಂತೆ. ನಮ್ಮ ಕ್ಲಾಸಿನಲ್ಲಿ ಗೋವಿಂದರಾಜು ಮೇಷ್ಟ್ರು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು ಟೀಗೆ ಹೋಗಿದ್ದರು. ಮಳೆಯ ಸದ್ದು, ನಮ್ಮ ಸದ್ದು.

ಹೊರಗೆ ಹ್ರೂಂ ಎಂದಿತು. ಚಪ್ಪಲಿ ಕಿರ್ ಅನ್ನಲಿಲ್ಲ.

ನೆನೆದ ಚರ್ಮ ಕಿರ್ ಅನ್ನುವುದಿಲ್ಲ. ಕೂಸಿಗೂ ಗೊತ್ತಿರುವ ಸಂಗತಿ. ಎಲ್ಲರ ನಡಿಗೆ, ಎಲ್ಲರ ಗಂಟಲು ಬಲ್ಲ ಟೇಪುರಾಯನಿಗೆ ಅದು ತಲೆಗೆ ಬಂದಿರಲಿಲ್ಲ.

ಕ್ಯಾತಣ್ಣ ಎದ್ದು ನಿಂತ, ಅಭ್ಯಾಸ. ನಿಂತ ಮೇಲೆ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಹಬ್ಬದ ಬಟ್ಟೆ ಹಾಕಿಕೊಂಡ ಮಗುವಿನ ನಾಚಿಕೆಯಿತ್ತು. ಎರಡು ಬೆರಳು ತುಟಿಗಿಟ್ಟು ಬೆಟ್ಟದ ಕುರಿಯೆಲ್ಲ ಇಳಿದು ಬರುವ ಹಾಗೆ "ಹುರ್ರ್‌ರ್ರೋ... ಬಾ ಬಾ ಬಾ..." ಎಂದು ಕೂಗಿದ. ಅದು ಅವನು ಬದುಕಿನಲ್ಲಿ ಮಾಡಿದ ಮೊದಲ ತಮಾಷೆ. ಎಂಥ ತಮಾಷೆ! ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಬಾಗಿಲಲ್ಲಿ ಹೆಡ್‌ಮಾಸ್ಟರು. ಅವರ ಹಿಂದೆ ಕೊಡೆ ಮಡಚುತ್ತಾ ಇನ್‌ಸ್ಪೆಕ್ಟರು.

"ಏನ್ರೀ ಇದು? ಹೈಸ್ಕೂಲೋ ಕುರಿದೊಡ್ಡಿಯೋ?" ಎಂದರು ಇನ್‌ಸ್ಪೆಕ್ಟರು.

ನಾವೆಲ್ಲ ಕೂತೇ ಇದ್ದೆವು. ಸಜ್ಜನರ ಹಾಗೆ. ನಿಂತಿದ್ದವನು ಅವನೊಬ್ಬನೇ, ಬೆರಳಿನ್ನೂ ತುಟಿಯ ಹತ್ತಿರ. ಮೇಷ್ಟ್ರು ಬೆಂಚುಗಳ ನಡುವೆ ನಡೆದು ಹೋದರು. ಒದ್ದೆ ಚಪ್ಪಲಿ ಸದ್ದೇ ಮಾಡಲಿಲ್ಲ. ಅವನ ಕೆನ್ನೆಗೆ ಒಂದು ಬಾರಿಸಿದರು. ಆ ಸದ್ದನ್ನು ನಾನು ಇವತ್ತಿನವರೆಗೂ ಯಾರಿಗೂ ಮಾಡಿ ತೋರಿಸಿಲ್ಲ.

ನಾನು ಎದ್ದೆ. "ಸಾರ್, ನಾನು ಸಾರ್. ನಾನೇ ಹೇಳಿಕೊಟ್ಟಿದ್ದು ಸಾರ್" ಎಂದೆ. ಧ್ವನಿ ಕೀರಲಾಗಿತ್ತು. ಅದು ಯಾರ ಧ್ವನಿಯಂತೆಯೂ ಇರಲಿಲ್ಲ. ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು ಯಾರನ್ನೋ ಅಣಕಿಸುತ್ತಿದ್ದೇನೆ ಅಂದುಕೊಂಡರು. ಟೀ ಮುಗಿಸಿ ಓಡಿಬಂದಿದ್ದ ಗೋವಿಂದರಾಜು ಮೇಷ್ಟ್ರು "ಕೂತ್ಕೊಳ್ಳೋ ಟೇಪು, ಇಲ್ಲೂ ನಿನ್ನ ನಾಟಕ" ಎಂದು ನನ್ನ ಭುಜ ಒತ್ತಿದರು. ಕೂತೆ. ಅಷ್ಟು ಸುಲಭವಾಗಿ ಕೂತೆ.

ಕ್ಯಾತಣ್ಣ ಸ್ಕೂಲಿಗೆ ಬರಲಿಲ್ಲ. ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ನಾವು ಪ್ರಾರ್ಥನೆಗೆ ಸಾಲು ನಿಂತಿದ್ದಾಗ ಚಿತ್ತಯ್ಯ ಬಂದ. ಹೆಗಲ ಕಂಬಳಿಯೊಳಗಿಂದ ಬೆತ್ತ ತೆಗೆದು, ಹೆಡ್‌ಮಾಸ್ಟರ ಮುಂದೆ ಜಗಲಿಯ ಮೇಲೆ ಅಡ್ಡ ಇಟ್ಟ. ಕುರಿಮರಿಗಳು ಕಚ್ಚಿ ಅದರ ತುದಿ ಸೀಳಿತ್ತು.

"ನಿಮ್ದು ನಿಮ್ಗೆ ಸಾಮಿ."

"ತಪ್ಪಾಯ್ತು ಚಿತ್ತಯ್ಯ," ಎಂದರು ಮೇಷ್ಟ್ರು. ಇಡೀ ಸ್ಕೂಲು ಕೇಳಿಸಿಕೊಂಡಿತು.

"ನೀವು ಅಂಗನ್ಬಾರ್ದು. ದೊಡ್ಡೋರು. ಆದ್ರೆ ನಾವಿಬ್ರೂ ಒಂದ್ ಮಾತಾಡ್ಕಂಡಿದ್ವಿ, ಅಲ್ಲುವ್ರಾ?"

"ಹೌದು."

"ಅಷ್ಟೇಯ" ಎಂದು ಚಿತ್ತಯ್ಯ ಕೈಮುಗಿದು ಹೊರಟ. ಪ್ರಾರ್ಥನೆ ಶುರುಮಾಡುವ ಹುಡುಗಿ ಶುರುಮಾಡಲೋ ಬೇಡವೋ ಎಂದು ನಿಂತೇ ಇದ್ದಳು.

ಅದಾದ ಮೇಲೆ ಮೇಷ್ಟ್ರು ಹಟ್ಟಿಗೆ ಹೋದರು. ಕರೆಯದಿದ್ದರೂ ನಾನು ಹಿಂದೆ ಹೋದೆ. ಬೇಲಿಯ ಬಾಯಲ್ಲಿ ಚಪ್ಪಲಿ ಬಿಟ್ಟು ಕೆಮ್ಮಿದರು. ಒಳಗೆ ಹೊಗೆಯಾಡುತ್ತಿತ್ತು, ಮಾತು ಕೇಳುತ್ತಿತ್ತು. ಮಾತು ನಿಂತಿತು. ಬನ್ನಿ ಅಂತ ಯಾರೂ ಅನ್ನಲಿಲ್ಲ. ಅವರು ನಿಂತರು, ಇನ್ನೊಮ್ಮೆ ಕೆಮ್ಮಿದರು, ಮತ್ತೆ ನಿಂತರು. ಕತ್ತಲಾಗುವ ಮೊದಲು ಚಪ್ಪಲಿ ಮೆಟ್ಟಿಕೊಂಡು ಹಿಂದಿರುಗಿದರು. ದಾರಿಯುದ್ದಕ್ಕೂ ಚಪ್ಪಲಿ ಕಿರ್ ಕಿರ್ ಅನ್ನುತ್ತಲೇ ಇತ್ತು. ಅದರ ಗಂಟಲು ಅದಕ್ಕೆ ವಾಪಸು ಬಂದಿತ್ತು.

ಕ್ಯಾತಣ್ಣ ನನಗೆ ಸಿಕ್ಕಿದ್ದು ಬೆಟ್ಟದ ಬುಡದಲ್ಲಿ, ಕುರಿಗಳ ಜೊತೆ. ನನ್ನ ಹತ್ತಿರ ಇದ್ದ ಸಾಮಾನೆಲ್ಲ ತೆಗೆದೆ. ಬಸ್ಸನ್ನು ಏರು ಹತ್ತಿಸಿದೆ, ಕಂಡಕ್ಟರನಿಂದ ಬಯ್ಯಿಸಿದೆ, ತೆಲುಗು ಸಾಹುಕಾರನಿಂದ ಕಾಯಿ ತಿನ್ನಿಸಿದೆ. ಅವನು ನಗಲಿಲ್ಲ. ತಡವಾಗಿಯಾದರೂ ನಗುತ್ತಾನೆ ಅಂತ ಕಾದೆ.

"ಹೊಡೆದ್ರು ಅಂತ ಬೇಜಾರಾ?" ಎಂದೆ.

"ಅದಕ್ಕಲ್ಲ ಕಣ್ಲಾ. ಹೊಡೆದ್ ಮ್ಯಾಲೆ ಅವರು ಆ ಕೈನ ಬೆನ್ನ ಹಿಂದೆ ಬಚ್ಚಿಟ್ಕಂಡ್ರು. ನಾನು ಹತ್ರದಲ್ಲಿದ್ದೆ, ನೋಡ್ದೆ. ಇನ್ನು ದಿನಾ ಅವರ ಮುಂದೆ ಹೆಂಗ್ಲಾ ಕುಂತ್ಕಳ್ಳಿ?"

"ತಪ್ಪು ನಂದು ಕಣ್ಲಾ."

"ಇರ್ಲಿ ಬುಡು" ಎಂದ. ಒಂದು ಕುರಿ ಹೊಲದ ಕಡೆ ನುಗ್ಗಿತ್ತು. ಅದನ್ನು ತಿರುಗಿಸಲು ಕೂಗದೆ, ಓಡಿಹೋಗಿ ಕೈಯಿಂದಲೇ ತಳ್ಳಿದ.

ಹತ್ತನೇ ಪರೀ‌ಕ್ಷೆಗೆ ಅವನು ಕೂರಲಿಲ್ಲ. ಬೆತ್ತ ಮಾತ್ರ ಸ್ಕೂಲಿಗೆ ಬಂದಿತ್ತು, ಬಂದ ಮೇಲೆ ಸುಮ್ಮನಿರುತ್ತದೆಯೇ? ಗೋವಿಂದರಾಜು ಮೇಷ್ಟ್ರು ಅದರ ಸೀಳಿದ ತುದಿ ಕತ್ತರಿಸಿ ಕ್ಲಾಸಿಗೆ ತರತೊಡಗಿದರು. ಉಳಿದವರೂ ಸರದಿಯ ಮೇಲೆ ಒಯ್ದರು. ಕಡಲೆಕಾಯಿ ಸಿಪ್ಪೆ ನೆಲದಿಂದ ಮಾಯವಾಯಿತು. ಶಿಸ್ತು ಬಂತು ಅಂತ ಊರಿನವರು ಸಮಾಧಾನಪಟ್ಟರು. ಹನುಮಂತರಾಯಪ್ಪ ಮೇಷ್ಟ್ರು ವರಾಂಡದಲ್ಲಿ ಕೆಮ್ಮುವುದನ್ನು ಬಿಟ್ಟರು. ಬಾಗಿಲುಗಳ ಮುಂದೆ ಹಾದು ಹೋಗುವಾಗ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು. ನನಗೆ ಯಾರೂ ಒಂದು ಏಟು ಹಾಕಲಿಲ್ಲ. ಇಡೀ ಸ್ಕೂಲಿನಲ್ಲಿ ಆ ಬೆತ್ತದ ರುಚಿ ಕಾಣದ ಕೈ ಬಹುಶಃ ನನ್ನದೊಂದೇ.

ಬೇಸಿಗೆಯಲ್ಲಿ ಅವರು ತಾವಾಗಿ ಕೇಳಿಕೊಂಡು ಪಾವಗಡದ ಆಚೆಗೆ ವರ್ಗ ಮಾಡಿಸಿಕೊಂಡರು. ಟ್ರಂಕನ್ನು ನಮ್ಮಪ್ಪನ ಅಂಗಡಿಯ ಬಾಡಿಗೆ ಸೈಕಲ್ಲಿನ ಮೇಲಿಟ್ಟುಕೊಂಡು ಬಸ್ಸಿನ ಹತ್ತಿರ ತಂದವನು ನಾನು. ಹುಣಸೆಮರದ ನೆರಳಿನಲ್ಲಿ ಇಬ್ಬರೇ ನಿಂತಿದ್ದೆವು. ಅವರು ಇದ್ದಕ್ಕಿದ್ದ ಹಾಗೆ, "ಎಲ್ಲಿ, ಒಂದು ಸಲ ಕೆಮ್ಮು. ನಾನು ಹೇಗೆ ಕೆಮ್ತಿದ್ದೆ ಅಂತ ನಾನೇ ಕೇಳಿಲ್ಲ" ಎಂದರು.

"ಬೇಡ ಸಾರ್."

"ಕೆಮ್ಮಯ್ಯ."

ಕೆಮ್ಮಿದೆ. ಅವರು ತಲೆ ಓರೆ ಮಾಡಿ, ಹಾರ್ಮೋನಿಯಂ ಪರೀಕ್ಷಿಸುವವರ ಹಾಗೆ ಕೇಳಿದರು.

"ನಡುವೆ ಬಿಡುವು ಸಾಲದು," ಎಂದರು. "ಅದು ಹೆದರಿಸೋಕಲ್ಲ ಕಣಯ್ಯ. ನಾನು ಬರ್ತಿದೀನಿ, ಸರಿಮಾಡ್ಕೊಳ್ಳಿ ಅಂತ ಹೇಳೋದು. ಕಣ್ಣಿಗೆ ಬಿದ್ದರೆ ನಾನು ಏನಾದರೂ ಮಾಡಲೇಬೇಕಾಗುತ್ತಲ್ಲ. ಬೀಳದೆ ಇರ್ಲಿ ಅಂತ ಕೆಮ್ಮೋದು. ನೀನು ಆ ಹೊತ್ತು ಕೊಡ್ತಾ ಇಲ್ಲ."

ಹಟ್ಟಿಯಲ್ಲಿ ಸೆರಗು ಎಳೆದುಕೊಂಡು ಒಳಗೆ ಸರಿದ ಹೆಂಗಸು ಆಗ ನನ್ನ ಕಣ್ಣಿಗೆ ಬಂದಳು.

ಬಸ್ಸು ಬಂತು. ಕಂಡಕ್ಟರು "ಬೇಗ ಬೇಗ" ಎಂದ. ಮೇಷ್ಟ್ರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ, "ಹಟ್ಟಿ ಕಡೆ ಹೋದರೆ..." ಎಂದರು. ನಾನು ಹೂಂ ಸಾರ್ ಅಂತ ಕಾದೆ. "ಬೇಡ, ಬಿಡು" ಎಂದು ಹತ್ತಿಕೊಂಡರು.

ಈ ಕೆಲಸ ಸಿಕ್ಕಿದ ಹೊಸದರಲ್ಲಿ ಶಿರಾದ ಕುರಿ ಸಂತೆಯಲ್ಲಿ ಕ್ಯಾತಣ್ಣನನ್ನು ಕಂಡೆ. ಬೇವಿನ ಮರದ ಕೆಳಗೆ ಟಗರು ಹಿಡಿದುಕೊಂಡು ಕೂತಿದ್ದ. ನಾನು ಇಸ್ತ್ರಿ ಷರ್ಟು ಹಾಕಿ ಪೆನ್ನು ಸಿಕ್ಕಿಸಿಕೊಂಡು ಮೇಷ್ಟ್ರ ವೇಷದಲ್ಲಿದ್ದೆ, ಹನುಮಂತರಾಯಪ್ಪ ಮೇಷ್ಟ್ರು ಅವನಿಗೆಂದು ಹೊಲಿಸಲು ಹೊರಟಿದ್ದ ವೇಷದಲ್ಲಿ. ನನ್ನನ್ನು ಕಂಡು ಅವನು ಎದ್ದು ನಿಂತ.

"ಲೇ, ಕುಂತ್ಕಳ್ಲಾ, ನಾನು ಟೇಪು" ಎಂದೆ.

"ಗೊತ್ತು ಸಾರ್. ಇರ್ಲಿ ಬುಡಿ" ಎಂದ. ಅಣಕಿಸಿದನೋ ಅಂತ ಮುಖ ನೋಡಿದೆ. ಅಣಕಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಮಾತು ಮುಗಿದು ನಾನು ಬೀದಿ ತಿರುಗುವವರೆಗೂ ಅವನು ನಿಂತೇ ಇದ್ದ, ಟಗರಿನ ಹಗ್ಗ ಹಿಡಿದುಕೊಂಡು.

ಹೋದ ಸೋಮವಾರ ಆ ಕೊನೇ ಬೆಂಚಿನ ಹುಡುಗನ ಮುಂದೆ ನಾನು ಎಷ್ಟು ಹೊತ್ತು ನಿಂತಿದ್ದೆನೋ, ಮಿಕ್ಕವರು ಪುಸ್ತಕದಿಂದ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡತೊಡಗಿದ್ದರು.

"ಯಾಕಪ್ಪ ನಿಂತಿದ್ದೀಯ?" ಎಂದೆ.

"ಎಚ್ಚೆಮ್ಮು ಬಂದ್ರು ಅನ್ಕಂಡೆ ಸಾರ್."

"ಬಂದಿದ್ರು," ಎಂದೆ. "ಹೋದ್ರು. ನೀನು ಕೂತ್ಕೋ."

ಅವನು ಕೂತ. ನನಗೂ ಒಂದು ಕುರ್ಚಿ ಹಾಕಿತ್ತು. ಪೀರಿಯಡ್ಡು ಮುಗಿಯುವವರೆಗೂ ಅದರ ಮೇಲೆ ಕೂರಲಾಗಲಿಲ್ಲ.